ಕಿತ್ತೂರನ್ನು ಬಳಸಿಹೋದ ಹಳಿ

ಧಾರವಾಡವನ್ನು ಬಿಟ್ಟು ಬೆಳಗಾವಿಗೆ ಹೊರಟ ರೈಲುಗಾಡಿಯು ಕ್ಯಾರಕೊಪ್ಪ, ಮುಗದ, ಕಂಬಾರಗಣವಿಗಳನ್ನು ದಾಟಿ, ಅಳ್ನಾವರದ ಬಳಿ ಕಾಡಿನ ಸೆರಗನ್ನು ಹಿಡಿದು, ತಾವರಗಟ್ಟಿ ನಾಗರಗಾಳಿಗಳ ಮಾರ್ಗವಾಗಿ ಪಶ್ಚಿಮಾಭಿಮುಖವಾಗಿ ಲೋಂಡಾದವರೆಗೂ ಸಾಗಿ, ಅಲ್ಲಿಂದ ಉತ್ತರಕ್ಕೆ ಹೊರಳಿ, ಖಾನಾಪುರ, ಇದಲಹೊಂಡ, ದೇಸೂರುಗಳನ್ನು ಮುಟ್ಟುತ್ತ ತನ್ನ ಗುರಿಯನ್ನು ಸೇರುತ್ತದೆ. ಈ ಸುತ್ತು 121 ಕಿಲೋಮೀಟರಿನದು. ಇದೇ ಎರಡು ಊರುಗಳ ನಡುವೆ ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿಗಳ ಮೇಲೆ ಹಾದುಹೋಗುವ ಹೆದ್ದಾರಿಯಾದರೋ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಮುಗಿಯುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಸೀಮೆಗಳನ್ನೊಳಗೊಂಡ ಮಲಪ್ರಭೆಯ ಈ ವಿಶಾಲ ಭೂಭಾಗವು, ಒಂದೂವರೆ ಶತಮಾನಕ್ಕೆ ಸಮೀಪವಾದ ರೈಲ್ವೆಯ ಚರಿತ್ರೆಯಲ್ಲಿ, ಒಂದು ನಿಲ್ದಾಣವನ್ನೂ ಕಾಣದೆ ಉಳಿದುಬಂದ ಸಂಗತಿಯನ್ನು ವಿಚಾರಿಸಹೊರಟವನಿಗೆ, ಹಳಿಯನ್ನು ಎಳೆದವರ ದೃಷ್ಟಿ ಯಾವ ಕಡೆಗಿತ್ತೆಂಬುದನ್ನು ಮೊದಲು ಅರಿಯುವುದು ಅವಶ್ಯಕ.

ಆ ದೃಷ್ಟಿ ಸಮುದ್ರದ ಕಡೆಗಿತ್ತು. ಘಟ್ಟದ ಕೆಳಗಣ ಬಂದರಕ್ಕೂ ಘಟ್ಟದ ಮೇಲಣ ಎರೆಭೂಮಿಗೂ ಇರುವ ಸಂಬಂಧ ಹಳೆಯದು. ಕಿತ್ತೂರಿಗೆ ಸಮೀಪದಲ್ಲಿರುವ ದೇಗಾಂವ ಎಂಬ ಸಣ್ಣ ಊರೇ ಅದಕ್ಕೆ ಸಾಕ್ಷಿ. ಗೋವೆಯ ಕದಂಬರು ಕೊಂಕಣ ಒಂಬೈನೂರನ್ನೂ ಪಲಸಿಗೆ ಹನ್ನೆರಡು ಸಾವಿರವನ್ನೂ ಒಂದೇ ಛತ್ರದಡಿಯಲ್ಲಿ ಆಳಿದವರು; ಕಡಲಿನ ವ್ಯಾಪಾರದ ಸಂಪತ್ತನ್ನೂ ಬಯಲುಸೀಮೆಯ ಬೆಳೆಯನ್ನೂ ಜೊತೆಗೂಡಿಸಿಕೊಂಡವರು. ಆ ವಂಶದ ಶಿವಚಿತ್ತ ಪೆರ್ಮಾಡಿಯ ಪಟ್ಟದರಾಣಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವು ಇಂದಿಗೂ ನಿಂತಿದೆ. ಶಿಲ್ಪಿ ತಿಪ್ಪೋಜನೆಂದು ಪ್ರಸಿದ್ಧಿ. ಶಾಸನದ ಕಾಲ ಕ್ರಿ.ಶ. 1174. ಮಂಟಪದ ಕಂಬಗಳು ತಿರುಗಣೆಗೆ ಸಿಕ್ಕಿದ ಮರದಷ್ಟು ನಯವಾಗಿವೆ. ತಲೆಯೆತ್ತಿ ನೋಡಿದರೆ ಭುವನೇಶ್ವರಿಯಲ್ಲಿ ದಳದ ಮೇಲೆ ದಳವಾಗಿ ಅರಳಿದ ಕಮಲ. ಅಲ್ಲಿ ಉಳಿಯ ಗುರುತು ಹುಡುಕಿದರೂ ಸಿಕ್ಕದು. ಅರಮನೆಯಿಂದ ಇಷ್ಟು ದೂರದ ಊರಿನಲ್ಲಿ ಇಂಥ ಗುಡಿಯನ್ನು ಎತ್ತಿಸಲು ರಾಣಿಗೆ ಮನಸ್ಸಾಯಿತೆಂದರೆ, ಕೊಂಕಣದಿಂದ ಘಟ್ಟವೇರಿ ಬರುವ ದಾರಿಗಳ ಲೆಕ್ಕದಲ್ಲಿ ಈ ನೆಲ ಮೂಲೆಯಾಗಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ಏಳು ನೂರು ವರ್ಷಗಳ ತರುವಾಯ ಅದೇ ಕಡಲತೀರದಿಂದ ಅದೇ ಘಟ್ಟವನ್ನು ಏರಿ ಉಗಿಬಂಡಿ ಬಂದಾಗ ಮಾತ್ರ, ಅದು ದೇಗಾಂವವನ್ನೂ ಕಿತ್ತೂರನ್ನೂ ಪಕ್ಕಕ್ಕೆ ಬಿಟ್ಟು ನೇರವಾಗಿ ಧಾರವಾಡದ ಕಡೆಗೆ ನಡೆಯಿತು.

ಉಗಿಬಂಡಿಯ ಆಗಮನಕ್ಕೆ ಮುಂಚಿನ ಸ್ಥಿತಿಯನ್ನು ಕೊಂಚ ನೆನೆಯಬೇಕು. ಧಾರವಾಡ ಬೆಳಗಾವಿ ಜಿಲ್ಲೆಗಳ ಎರೆಭೂಮಿಯಲ್ಲಿ ಹತ್ತಿಯೇ ಹಣದ ಬೆಳೆ. ಅಮೇರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತುಹೋದಾಗ, ಈ ಸೀಮೆಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆದರೆ ಅದನ್ನು ಬಂದರಕ್ಕೆ ಮುಟ್ಟಿಸುವುದು ಸುಲಭಸಾಧ್ಯವಾಗಿರಲಿಲ್ಲ. ಬಿಡಿ ಅರಳೆಯು ತೂಕದಲ್ಲಿ ಹಗುರ, ಗಾತ್ರದಲ್ಲಿ ಪರ್ವತ. ಆದುದರಿಂದ ಗೋಣಿಯ ದೊಡ್ಡ ಅಂಡಿಗೆಯನ್ನು ತೂಗುಹಾಕಿ, ಆಳೊಬ್ಬನು ಅದರೊಳಗೆ ಇಳಿದು, ಹಿಡಿ ಹಿಡಿಯಾಗಿ ಅರಳೆಯನ್ನು ತುಂಬಿದಂತೆಲ್ಲ ಕಾಲಿನಿಂದ ತುಳಿತುಳಿದು ಗಟ್ಟಿಮಾಡಿ, ಬಾಯಿ ಹೊಲಿದು, ಚಕ್ಕಡಿಗೆ ಹೇರಬೇಕಾಗುತ್ತಿತ್ತು. ಅಷ್ಟು ತುಳಿದರೂ ಒಂದು ಚಕ್ಕಡಿಗೆ ಹಿಡಿಯುವುದು ಕೆಲವೇ ಅಂಡಿಗೆ. ಅಂಥ ಚಕ್ಕಡಿಗಳ ಸಾಲು ಸುಗ್ಗಿ ಮುಗಿಯುತ್ತಲೇ ಹೊರಟು, ಅರಬೈಲ ಘಟ್ಟವನ್ನೋ ಮತ್ತೊಂದನ್ನೋ ಇಳಿದು ಕುಮಟೆ ಕಾರವಾರಗಳನ್ನು ಸೇರುವಷ್ಟರಲ್ಲಿ ಧೂಳು ತಿಂದ ಅರಳೆಯ ಬಣ್ಣವೂ ಕೆಡುತ್ತಿತ್ತು; ಮಳೆಗಾಲ ಮುಂಚಿತವಾಗಿ ಬಂದರೆ ಸರಕೂ ಎತ್ತೂ ಘಟ್ಟದಲ್ಲಿಯೇ ಸಿಕ್ಕಿಬೀಳುತ್ತಿದ್ದವು. ಕಾರವಾರಕ್ಕೆ ರೈಲುದಾರಿ ಬೇಕೆಂಬ ವಾದ ಆ ದಿನಗಳಲ್ಲಿಯೇ ಹುಟ್ಟಿದುದು ಇದರಿಂದ.

ಹಳಿಯನ್ನು ನಿಜವಾಗಿ ತಂದುದು ಮಾತ್ರ ಹತ್ತಿಯೊಂದೇ ಅಲ್ಲ, ಹಸಿವೂ ಹೌದು. 1876ರಿಂದ 1878ರವರೆಗೆ ದಕ್ಷಿಣ ಮತ್ತು ಪಶ್ಚಿಮ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ, ಮೈಸೂರು ಸೀಮೆಯವರು ಧಾತು ಈಶ್ವರದ ಬರವೆಂದು ಕರೆಯುವ ಆ ದುರ್ದಿನಗಳಲ್ಲಿ, ಬ್ರಿಟಿಷರ ಆಳ್ವಿಕೆಯ ಪ್ರದೇಶಗಳಲ್ಲಿ ಮಡಿದವರ ಸಂಖ್ಯೆ ಐವತ್ತು ಲಕ್ಷವನ್ನು ಮೀರಿತೆಂದು ಅಂದಾಜು. ಬಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಘೋರವಾಗಿ ನೊಂದವು. ಬಂದರದಲ್ಲಿ ಧಾನ್ಯವಿದ್ದರೂ ಅದನ್ನು ಒಳನಾಡಿಗೆ ತರುವ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಬದುಕಿದ್ದ ಎತ್ತು ಎಳೆದ ಗಾಡಿಯಾದರೂ, ನೂರು ಮೈಲಿ ಬರುವಷ್ಟರಲ್ಲಿ ಎತ್ತಿನ ಮೇವಿಗೂ ಆಳಿನ ಊಟಕ್ಕೂ ಸರಕಿನ ಬಹುಭಾಗ ಕರಗುತ್ತಿತ್ತು. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರಕ್ಷಣಾರ್ಥವಾಗಿ ಸಾವಿರಾರು ಮೈಲಿ ಹಳಿಯನ್ನು ತ್ವರೆಯಿಂದ ಹಾಕಬೇಕೆಂದು ಹೇಳಿತು. ಅದರ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿಗೆ, ಗದಗಿನಿಂದ ಹುಬ್ಬಳ್ಳಿಗೂ ಬಳ್ಳಾರಿಯ ಕಡೆಗೂ ಮೀಟರ್ ಗೇಜ್ ಹಳಿ ಹರಡಿತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಖಾನೆ ಹುಬ್ಬಳ್ಳಿಯಲ್ಲಿ.

ಇದಕ್ಕೆ ಮುಂಚೆಯೇ, 1878ರಲ್ಲಿ, ಬ್ರಿಟಿಷರಿಗೂ ಪೋರ್ಚುಗೀಸರಿಗೂ ನಡೆದ ಒಪ್ಪಂದವೊಂದು ಈ ಪ್ರಾಂತದ ಭೂಪಟವನ್ನು ಬೇರೊಂದು ರೀತಿಯಲ್ಲಿ ತಿದ್ದಿತ್ತು. ಮುರ್ಮುಗೋವೆಯನ್ನು ಬಂದರವನ್ನಾಗಿ ಬೆಳೆಸಿ, ಅಲ್ಲಿಂದ ಘಟ್ಟದ ಮೇಲಿನ ಬ್ರಿಟಿಷ್ ಸೀಮೆಗೆ ರೈಲುದಾರಿ ಹಾಕುವ ಯೋಜನೆ ಅದರಿಂದ ಮೊಳೆಯಿತು. ಪೋರ್ಚುಗೀಸ್ ಸರ್ಕಾರದ ಭರವಸೆ ಪಡೆದ ಪ್ರತ್ಯೇಕ ಕಂಪನಿಯೊಂದು ಕಡಲಿನಿಂದ ಕ್ಯಾಸಲ್‌ರಾಕ್‌ವರೆಗೆ ಹಳಿಯನ್ನು ತರಲು, ಸದರ್ನ್ ಮರಾಠಾ ಕಂಪನಿಯು ಈ ಕಡೆಯಿಂದ ಲೋಂಡಾದ ಮೂಲಕ ಹೋಗಿ ಅದನ್ನು ಕೂಡಿಕೊಂಡಿತು. 1888ರ ವೇಳೆಗೆ ದೂಧಸಾಗರದ ಜಲಪಾತದ ಮುಂದೆ ರೈಲು ಹತ್ತಿತು. ಸುಮಾರು 26 ಕಿಲೋಮೀಟರಿನ ಆ ಘಟ್ಟದ ದಾರಿಯಲ್ಲಿ ಮೂವತ್ತೇಳು ಅಡಿಗೆ ಒಂದಡಿಯ ಏರು. ಇಂದಿಗೂ ಅಲ್ಲಿ ಗಾಡಿಗಳ ಬೆನ್ನಿಗೆ ಹೆಚ್ಚಿನ ಎಂಜಿನುಗಳನ್ನು ಕಟ್ಟಿ ನೂಕಿಸುತ್ತಾರೆ. ಕಾರವಾರದ ಆಸೆ ಅಲ್ಲಿಗೆ ಬತ್ತಿತು. ಕುಮಟೆಯ ಹತ್ತಿಯ ವ್ಯಾಪಾರವೂ ದಿನೇ ದಿನೇ ಕುಗ್ಗಿತು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಧಾರವಾಡದಿಂದ ಲೋಂಡಾಕ್ಕೆ ಹಾಕಿದ ಹಳಿಯು ಧಾರವಾಡ ಬೆಳಗಾವಿಗಳನ್ನು ಕೂಡಿಸಲೆಂದು ಹುಟ್ಟಿದುದಲ್ಲ. ಬಯಲುಸೀಮೆಯನ್ನು ಬಂದರಕ್ಕೆ ಕಟ್ಟಲೆಂದು ಹುಟ್ಟಿದುದು. ಪುಣೆಯ ಕಡೆಯಿಂದ ಮೀರಜ್, ಬೆಳಗಾವಿಗಳ ಮೇಲೆ ಇಳಿದು ಬಂದ ಮತ್ತೊಂದು ಹಳಿಯೂ ಅದೇ ಬಂದರದ ದಾರಿಯನ್ನೇ ಅರಸುತ್ತ ಲೋಂಡಾಕ್ಕೆ ಬಂದಿತು. 1890ರ ಸುಮಾರಿಗೆ ಈ ಎರಡೂ ಭುಜಗಳು ಒಂದಾದಾಗ, ನಡುವಿನ ಹಳೆಯ ರಾಜಮಾರ್ಗ, ಎಂದರೆ ಪುಣೆಯಿಂದ ಬೆಳಗಾವಿ, ಕಿತ್ತೂರು, ಧಾರವಾಡಗಳ ಮೇಲೆ ಹರಿಹರದತ್ತ ಸಾಗುತ್ತಿದ್ದ ದಂಡಿನ ದಾರಿ, ತ್ರಿಕೋನದ ಮೂರನೆಯ ಭುಜವಾಗಿ ಬರಿಯ ರಸ್ತೆಯಾಗಿಯೇ ಉಳಿಯಿತು. ಕಾಡಿನ ಮರದಿಮ್ಮಿಗೆ ಹಳಿ ಸಿಕ್ಕಿತು, ಅಳ್ನಾವರದಿಂದ ದಾಂಡೇಲಿಗೆ ಕವಲೂ ಒಡೆಯಿತು. ಬೈಲಹೊಂಗಲದ ಹತ್ತಿ ಮಾತ್ರ ಮತ್ತೆ ಚಕ್ಕಡಿಯನ್ನೇ ನಂಬಬೇಕಾಯಿತು. ಸಂಪಗಾವಿ, ಪರಸಗಡ ಎಂದು ಅಂದಿನ ದಫ್ತರಗಳಲ್ಲಿ ಹೆಸರಿದ್ದ ಇಲ್ಲಿಯ ತಾಲ್ಲೂಕುಗಳು ಕಂದಾಯದಲ್ಲಿ ಸಣ್ಣವಾಗಿರಲಿಲ್ಲ. ಆದರೂ, 1824ರಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡಹಿ, ಆಮೇಲೆ ಸೋತು, ಸಂಸ್ಥಾನವನ್ನೇ ಕಳೆದುಕೊಂಡ ಕಿತ್ತೂರಿನ ಪರವಾಗಿ ಮಾತನಾಡುವ ಅರಸು ಅಂದು ಯಾರೂ ಉಳಿದಿರಲಿಲ್ಲ. ರಾಮದುರ್ಗವು ಸ್ವಂತ ಅರಸನಿದ್ದ ಪುಟ್ಟ ಸಂಸ್ಥಾನ. ಅಲ್ಲಿಗೂ ಹಳಿ ಬರಲಿಲ್ಲ. ಹೊಟಗಿ ಗದಗಿನ ಹಳಿ ಪೂರ್ವಕ್ಕೆ, ಲೋಂಡಾದ ಹಳಿ ಪಶ್ಚಿಮಕ್ಕೆ, ನಡುವೆ ಮಲಪ್ರಭೆ ಹರಿಯುವ ನಾಡು ಬಯಲು.

ಮುಂದಿನ ಕಥೆಯಲ್ಲಿ ಹೆಸರುಗಳು ಬದಲಾದುವೇ ಹೊರತು ಹಳಿಯ ದಿಕ್ಕು ಬದಲಾಗಲಿಲ್ಲ. 1908ರಲ್ಲಿ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಬೆರೆತು ಮದ್ರಾಸ್ ಆಂಡ್ ಸದರ್ನ್ ಮರಾಠಾ ಎಂದಾಯಿತು. ಕಚೇರಿ ಧಾರವಾಡವನ್ನು ಬಿಟ್ಟಿತು. ಅದರ ಭವ್ಯ ಕಟ್ಟಡದಲ್ಲಿ ತರುವಾಯ ಕರ್ನಾಟಕ ಕಾಲೇಜು ನೆಲೆಗೊಂಡು, 1917ರಲ್ಲಿ ಸ್ಥಾಪನೆಯಾದ ಆ ವಿದ್ಯಾಸಂಸ್ಥೆಯು ಉತ್ತರ ಕರ್ನಾಟಕದ ತಲೆಮಾರುಗಳನ್ನು ಬೆಳೆಸಿತು. ಸರಕು ಸಾಗಣೆಯ ಲೆಕ್ಕ ಬರೆದ ಕೊಠಡಿಗಳಲ್ಲಿ ಕಾವ್ಯವನ್ನೂ ಗಣಿತವನ್ನೂ ಓದಿದ ಹುಡುಗರೆಷ್ಟೋ ಮಂದಿ ಬೈಲಹೊಂಗಲ, ಸವದತ್ತಿಗಳ ಕಡೆಯವರೇ. ಅವರು ಧಾರವಾಡಕ್ಕೆ ಬಂದುದು ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ. 1944ರಲ್ಲಿ ಕಂಪನಿ ಸರ್ಕಾರದ ವಶವಾಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, ಕೊನೆಗೆ 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದಾಗ, ಮೀರಜದಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸುವ ಕಷ್ಟ ತಪ್ಪಿತು. ಆದರೆ ಆ ಬ್ರಾಡ್ ಗೇಜ್ ಹಳಿಯನ್ನೂ ಹಾಕಿದುದು ಹಳೆಯ ಸುತ್ತಿನ ಮೇಲೆಯೇ.

ಬೆಂಗಳೂರಿನಿಂದ ಮೀರಜದ ಕಡೆಗೆ ಓಡುವ ರಾತ್ರಿಯ ಗಾಡಿಗೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ಆ ಹೆಸರಿಡುವಿಕೆ ನಾಡಿಗೆ ಹೆಮ್ಮೆಯನ್ನು ತಂದುದು ನಿಜ. ಆದರೆ ರಾಣಿಯ ಹೆಸರು ಹೊತ್ತ ಗಾಡಿಯು ರಾಣಿಯ ಊರಿನ ಎರಡು ಪಕ್ಕದಲ್ಲಿಯೂ ಬಹುದೂರದಿಂದಲೇ ಹಾದುಹೋಗುವುದನ್ನು ಕಂಡು ಕಿತ್ತೂರಿನ ಜನ ವ್ಯಥೆಪಟ್ಟರೆ ಅದು ಸಹಜ. ಅವಳು ಬಂಧನದಲ್ಲಿದ್ದು 1829ರಲ್ಲಿ ದೇಹಬಿಟ್ಟ ಬೈಲಹೊಂಗಲಕ್ಕೂ ಅದೇ ಗತಿ. 2024ರ ಸೆಪ್ಟೆಂಬರಿನಲ್ಲಿ ಪುಣೆ ಹುಬ್ಬಳ್ಳಿಗಳ ನಡುವೆ ಹೊರಟ ವಂದೇ ಭಾರತ್ ಕೂಡ, ಎಷ್ಟೇ ವೇಗಶಾಲಿಯಾದರೂ, ಬೆಳಗಾವಿಯನ್ನು ಬಿಟ್ಟ ಮೇಲೆ ಲೋಂಡಾದ ಸುತ್ತನ್ನೇ ಸುತ್ತಬೇಕು.

ಈ ಮೂರನೆಯ ಭುಜವನ್ನು ಪೂರ್ಣಗೊಳಿಸುವ ಕೋರಿಕೆಗೆ ಅಧಿಕೃತ ರೂಪ ಬಂದುದು ಇತ್ತೀಚೆಗೆ. ಬೆಳಗಾವಿಯಿಂದ ಲೋಕಸಭೆಗೆ ಆಯ್ಕೆಯಾಗಿ 2019ರಲ್ಲಿ ರೈಲ್ವೆ ಖಾತೆಯ ರಾಜ್ಯ ಸಚಿವರಾದ ಸುರೇಶ ಅಂಗಡಿಯವರು ಕೆ.ಕೆ. ಕೊಪ್ಪದವರು, ಹೊಸ ಹಳಿ ಹಾಯಬೇಕಾದ ಊರುಗಳ ಸಾಲಿನಲ್ಲಿಯೇ ಅವರ ಹುಟ್ಟೂರೂ ಇದೆ. ಧಾರವಾಡದಿಂದ ಕಿತ್ತೂರಿನ ಮೂಲಕ ಬೆಳಗಾವಿಗೆ ಸುಮಾರು 73 ಕಿಲೋಮೀಟರಿನ ಹೊಸ ಮಾರ್ಗ, ಅಂದಾಜು ವೆಚ್ಚ 927 ಕೋಟಿ ರೂಪಾಯಿ ಎಂಬ ಯೋಜನೆಗೆ 2020ರಲ್ಲಿ ಒಪ್ಪಿಗೆ ದೊರೆತ ಸುದ್ದಿ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 23ರಂದು ಕೋವಿಡ್ ವ್ಯಾಧಿಗೆ ತುತ್ತಾಗಿ ಅವರು ದೆಹಲಿಯಲ್ಲಿ ತೀರಿಕೊಂಡರು. ವೆಚ್ಚದ ಅರ್ಧವನ್ನೂ ಬೇಕಾದ ಭೂಮಿಯನ್ನೂ ರಾಜ್ಯ ಸರ್ಕಾರ ಕೊಡಬೇಕೆಂಬುದು ಏರ್ಪಾಡು. ಹೊಸ ಹಳಿಯು ದೇಸೂರಿನ ಬಳಿ ಹಳೆಯದನ್ನು ಬಿಟ್ಟು, ಕೆ.ಕೆ. ಕೊಪ್ಪ, ಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ, ಹುಲಿಕಟ್ಟಿ, ಕಿತ್ತೂರು, ತೇಗೂರು, ಮುಮ್ಮಿಗಟ್ಟಿಗಳ ಮೇಲೆ ಬಂದು ಕ್ಯಾರಕೊಪ್ಪದಲ್ಲಿ ಮತ್ತೆ ಹಳೆಯದನ್ನು ಕೂಡುತ್ತದೆ. ನಡುವೆ ದಾಟಬೇಕಾದ ದೊಡ್ಡ ಹೊಳೆ ಮಲಪ್ರಭೆಯೊಂದೇ. ದೂಧಸಾಗರದಂಥ ಕಮರಿಯಿಲ್ಲ, ಸುರಂಗಗಳ ಸರಪಳಿಯಿಲ್ಲ. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಸಹ್ಯಾದ್ರಿಯ ಕಲ್ಲನ್ನು ಒಡೆದವರಿಗೆ ಈ ಬಯಲು ಆಟದಂತಿದ್ದಿರಬೇಕು. ಮನಸ್ಸು ಬೇರೆಡೆಗಿತ್ತು, ಅಷ್ಟೆ.

ಆದರೆ ಬಯಲೆಂದರೆ ಬರಿದಾದ ನೆಲವಲ್ಲ. ಭೂಸ್ವಾಧೀನದ ಮಾತು ಎದ್ದೊಡನೆ ದೇಸೂರು, ನಂದಿಹಳ್ಳಿ, ಗರ್ಲಗುಂಜಿಗಳ ಕಡೆಯ ರೈತರು, ಫಲವತ್ತಾದ ತಮ್ಮ ಹೊಲಗದ್ದೆಗಳನ್ನು ಹಳಿ ಸೀಳಿಹೋಗುವುದನ್ನು ವಿರೋಧಿಸಿ, ಪಡಾ ಬಿದ್ದ ಭೂಮಿಯ ಮೇಲೆ ಮಾರ್ಗವನ್ನು ಹೊರಳಿಸಿರೆಂದು ಕೇಳಿದರು. ನಾಲ್ಕು ಎಕರೆಯ ಒಡೆಯನ ಹೊಲದ ನಡುವೆ ಹಳಿ ಬಂದರೆ ಅವನು ಕಳೆದುಕೊಳ್ಳುವುದು ಹಳಿಯಡಿಯ ನೆಲವನ್ನಷ್ಟೇ ಅಲ್ಲ. ಆಚೆಯ ತುಂಡಿಗೆ ಎತ್ತನ್ನೂ ನೇಗಿಲನ್ನೂ ಒಯ್ಯುವ ದಾರಿಯನ್ನು, ಬಾವಿಯಿಂದ ಆಚೆಗೆ ನೀರು ಹಾಯಿಸುವ ಕಾಲುವೆಯನ್ನು, ಮಳೆಯ ನೀರು ಸರಾಗವಾಗಿ ಹರಿದುಹೋಗುವ ಇಳಿಜಾರನ್ನು. ಏರಿಯ ಕೆಳಗೆ ಒಂದು ತೂಬನ್ನು ಸರಿಯಾದ ಸ್ಥಳದಲ್ಲಿ ಇಡದೆ ಹೋದರೆ, ಒಂದು ಬದಿಯ ಬೆಳೆ ನಿಂತ ನೀರಿನಲ್ಲಿ ಕೊಳೆತು, ಇನ್ನೊಂದು ಬದಿಯದು ಒಣಗುವುದನ್ನು ಎರೆಮಣ್ಣಿನ ಗುಣ ಬಲ್ಲವರೆಲ್ಲ ಅರಿಯರೇ? ಹಳಿ ಬೇಕೆನ್ನುವವರೆಲ್ಲರೂ, ನಾನೂ ಸೇರಿ, ಈ ರೈತರ ಮಾತನ್ನು ಅಡ್ಡಿಯೆಂದು ಬಗೆಯದೆ, ಮಾರ್ಗವನ್ನು ತಿದ್ದುವ ಹಿತವಚನವೆಂದು ಕೇಳಬೇಕಾದುದು ನ್ಯಾಯ. ಹೊರಳಿಸಬಹುದಾದ ಕಡೆ ಹೊರಳಿಸಲಿ; ಹೊರಳಿಸಲಾಗದ ಕಡೆ ಮಾರುಕಟ್ಟೆಯ ನಿಜವಾದ ಬೆಲೆಯನ್ನು, ವಿಳಂಬವಿಲ್ಲದೆ, ಒಂದೇ ಕಂತಿನಲ್ಲಿ ಕೊಡಲಿ.

ಸವದತ್ತಿ ರಾಮದುರ್ಗಗಳ ಪಾಡಾದರೋ ಇನ್ನೂ ಹಿಂದಿದೆ. ಬಾಗಲಕೋಟೆಯಿಂದ ಕುಡಚಿಗೆ 2010–11ರ ಮುಂಗಡಪತ್ರದಲ್ಲಿ ಮಂಜೂರಾದ ಹಳಿಯು ಮೆಲ್ಲಮೆಲ್ಲನೆ ಲೋಕಾಪುರದ ದಿಕ್ಕಿನಲ್ಲಿ ಮುಂದುವರಿಯುತ್ತಿದ್ದಂತೆ, ಅಲ್ಲಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ಕವಲೊಂದನ್ನು ತರಬೇಕೆಂಬುದು ಆ ಸೀಮೆಯ ಜನರ ಬಹುಕಾಲದ ಬೇಡಿಕೆ. ಸಮೀಕ್ಷೆ ನಡೆಯಿತು, ಸಂಚಾರದಿಂದ ಬರುವ ಆದಾಯ ಸಾಲದೆಂಬ ಕಾರಣದಿಂದ ಅದನ್ನು ಬದಿಗಿಟ್ಟರು. ಈ ಲೆಕ್ಕದ ಕ್ರಮವನ್ನು ನಾನು ಒಪ್ಪಲಾರೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಒಮ್ಮೆ ನೋಡಿದವನಿಗೆ ಜನಸಂಚಾರದ ಅಭಾವವೆಂಬ ಮಾತು ಕಿವಿಗೆ ಹೋಗದು. ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರಗಳ ಕಡೆಯಿಂದಲೂ ಕರ್ನಾಟಕದ ಮೂಲೆಮೂಲೆಗಳಿಂದಲೂ ಬರುವ ಲಕ್ಷಾಂತರ ಭಕ್ತರು, ತಲೆಯ ಮೇಲೆ ಜಗ ಹೊತ್ತು, ಭಂಡಾರ ಎರಚುತ್ತ, ಉಧೋ ಉಧೋ ಎಂದು ಕೂಗುತ್ತ ಏರುವ ಆ ಗುಡ್ಡದ ಬುಡದಲ್ಲಿ, ಕೊಲ್ಲಾರಿ ಬಂಡಿಗಳೂ ಟ್ರ್ಯಾಕ್ಟರುಗಳೂ ಕ್ರೂಸರುಗಳೂ ಸಾರಿಗೆಯ ಬಸ್ಸುಗಳೂ ಒಂದರ ಬೆನ್ನಿಗೊಂದು ಸಿಕ್ಕಿಕೊಂಡು ಮುಂದೆ ಹೋಗಲಾರದೆ ನಿಲ್ಲುತ್ತವೆ. ಜೋಗುಳಬಾವಿಯಲ್ಲಿ ಮಿಂದ ಮುದುಕಿಯರು ಒದ್ದೆ ಸೀರೆಯಲ್ಲಿಯೇ ಮೈಲಿಗಟ್ಟಲೆ ನಡೆದು ಬಸ್ಸಿನ ಪಾಳಿಗೆ ನಿಂತಿರುತ್ತಾರೆ. ರೈಲಿನಲ್ಲಿ ಬರುವವರು ಧಾರವಾಡದಲ್ಲಿಯೋ ಬೆಳಗಾವಿಯಲ್ಲಿಯೋ ಇಳಿದು ಮತ್ತೆ ಬಸ್ಸನ್ನೇ ಹುಡುಕಬೇಕು. ಇವರಾರೂ ನಿಲ್ದಾಣವಿಲ್ಲದ ಊರಿನ ಟಿಕೆಟ್ಟನ್ನು ಕೊಂಡವರಲ್ಲ. ಆದುದರಿಂದ ಹಳೆಯ ಟಿಕೆಟ್ಟುಗಳ ಲೆಕ್ಕದಲ್ಲಿ ಇವರು ಕಾಣಿಸುವುದೂ ಇಲ್ಲ.

ಸರಕಿನ ಮಾತೂ ಹೀಗೆಯೇ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ಈ ಸೀಮೆಯ ಬೆಳೆಯ ಚಿತ್ರವೇ ಬದಲಾಗಿದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಕಬ್ಬು, ಬೈಲಹೊಂಗಲದ ಹತ್ತಿ, ಸವದತ್ತಿಯ ಗೋವಿನಜೋಳ ಕಡಲೆ, ಎಲ್ಲವೂ ಇಂದು ಲಾರಿಯ ಬಾಡಿಗೆಯನ್ನು ನಂಬಿವೆ. ಡೀಸೆಲಿನ ಬೆಲೆ ಏರಿದಾಗಲೆಲ್ಲ ಆ ಏರಿಕೆಯ ಒಂದು ಪಾಲನ್ನು ಕೊಳ್ಳುವವನು ಹೊರಲಾರ, ದಲಾಲಿಯೂ ಹೊರಲಾರ. ಅದು ತಿರುಗಿ ತಿರುಗಿ ರೈತನ ಪಟ್ಟಿಯಲ್ಲಿಯೇ ಕಡಿತವಾಗುತ್ತದೆ. ಕ್ಷಾಮದ ಕಾಲದಲ್ಲಿ ಆದಾಯವನ್ನು ಲೆಕ್ಕಿಸದೆ ರಕ್ಷಣೆಗಾಗಿ ಹಳಿ ಹಾಕಬಹುದೆಂದು ಪರದೇಶದ ಸರ್ಕಾರವೊಂದು ಒಪ್ಪಿದ್ದಿತು. ನಮ್ಮದೇ ಆದ ಸರ್ಕಾರವು ಬರಗಾಲಗಳಿಂದ ಬಳಲುವ ರಾಮದುರ್ಗದಂಥ ತಾಲ್ಲೂಕಿನ ವಿಷಯದಲ್ಲಿ ಅದಕ್ಕಿಂತ ಕಡಿಮೆಯ ಔದಾರ್ಯವನ್ನು ತೋರಬೇಕಾದ ಕಾರಣವಿಲ್ಲ.

ಕಿತ್ತೂರಿನ ಮಾರ್ಗ ಸಿದ್ಧವಾಗುವ ಕಾಲಕ್ಕೆ ಕೆಲವು ಸಂಗತಿಗಳನ್ನು ಈಗಿನಿಂದಲೇ ಗೊತ್ತುಮಾಡಿಕೊಳ್ಳಬೇಕೆಂಬುದು ನನ್ನ ಬಿನ್ನಹ. ಕಿತ್ತೂರು ನಿಲ್ದಾಣವು ಗಾಡಿಗಳು ಎರಡು ನಿಮಿಷ ನಿಂತುಹೋಗುವ ತಂಗುದಾಣವಾಗದೆ, ಸರಕಿನ ಕಟ್ಟೆಯೂ ಗೋದಾಮೂ ಉಳ್ಳ ಪೂರ್ಣ ನಿಲ್ದಾಣವಾಗಲಿ. ಹತ್ತಿಯ ಪ್ರೆಸ್ಸಿನಿಂದ ಬಂದ ದೋಕಡಗಳನ್ನು ಮಳೆಯಲ್ಲಿ ನೆನೆಯದಂತೆ ಇಡಲು ಅಲ್ಲಿ ಸೂರಿರಲಿ. ಬೈಲಹೊಂಗಲದ ಬಸ್ಸುಗಳ ವೇಳೆ ಗಾಡಿಯ ವೇಳೆಗೆ ಹೊಂದಲಿ. ಮುಂದೆ ಬೈಲಹೊಂಗಲ ಸವದತ್ತಿಗಳ ಕಡೆಗೆ ಕವಲು ತೆಗೆಯುವುದಕ್ಕೆ ಬೇಕಾದಷ್ಟು ಭೂಮಿಯನ್ನು ನಿಲ್ದಾಣದ ಪೂರ್ವದಲ್ಲಿ ಈಗಲೇ ಕಾದಿರಿಸಲಿ, ಏಕೆಂದರೆ ಸುತ್ತಲೂ ಮನೆಗಳೆದ್ದ ಮೇಲೆ ಅದು ಮತ್ತೊಂದು ತಲೆಮಾರಿನ ವ್ಯಾಜ್ಯವಾದೀತು. ಕೋಟೆಯನ್ನು ನೋಡಲು ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಬರುವ ಜನ ದೇಗಾಂವದ ಗುಡಿಯನ್ನು ನೋಡದೆ ಹಿಂದಿರುಗುವುದೇ ಹೆಚ್ಚು. ನಿಲ್ದಾಣದಿಂದ ದೇಗಾಂವಕ್ಕೆ ದಿನಕ್ಕೆ ನಾಲ್ಕು ಬಾರಿಯಾದರೂ ಬಸ್ಸನ್ನು ಬಿಟ್ಟು, ಗುಡಿಯ ಬಳಿ ಕುಡಿಯುವ ನೀರನ್ನೂ ಒಂದು ನೆರಳನ್ನೂ ಏರ್ಪಡಿಸಿದರೆ, ಆ ಕೊರತೆ ತೀರುತ್ತದೆ.